ನಮ್ಮ ಮೋಟಾರಿನ ಸಾರಥಿ

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ವಿಶ್ರಾಂತಿ ಪಡೆದ ನಮ್ಮಂಥವರು ಮೋಟಾರು ಗಾಡಿಯೊಳಗಿನ ಯಂತ್ರವಿಶೇಷವೊಂದರ ಮೇಲೆ ಬರೆಯಹೊರಟರೆ ವಾಚಕರು ನಗಬಹುದು. ನಗಲಿ, ಬೇಡವೆನ್ನೆವು. ಆದರೆ ಈ ಯಂತ್ರವು ಈಚೆಗೆ ಎಷ್ಟೋ ಗೃಹಸ್ಥರ ಮನೆಬಾಗಿಲಿಗೆ ಬಂದು ನಿಂತಿದೆ. ಅದರ ಗುಣವನ್ನು ಹೇಳುವುದಕ್ಕೆ ಮಾರುವವರಿದ್ದಾರೆ. ದೋಷವನ್ನು ಹೇಳುವುದಕ್ಕೆ ಅದನ್ನು ಅಳತೆಮೀರಿ ನಂಬಿದವನೊಬ್ಬ ಬೇಕು. ಆ ಅಧಿಕಾರವು ನಮಗೆ ಪ್ರಾಪ್ತವಾದದ್ದು ಬನಶಂಕರಿ ಅಮ್ಮನವರ ಗುಡಿಯ ಬಳಿ, ಒಂದು ಮಂಗಳವಾರ. ಆ ಸಂಗತಿಯನ್ನು ಕ್ರಮವಾಗಿ ನಿವೇದಿಸುತ್ತೇವೆ.

ನಮ್ಮ ವಾಸ ಬನಶಂಕರಿ ಎರಡನೆಯ ಹಂತದಲ್ಲಿ. ನಮಗೆ ಅರವತ್ತು ತುಂಬಿತು. ಎಡಗಣ್ಣಿನಲ್ಲಿ ಪೊರೆ ಕಟ್ಟಲು ಮೊದಲಾಗಿದೆಯೆಂದು ವೈದ್ಯರು ಹೇಳಿ ಆರು ತಿಂಗಳಾಗಿತ್ತು. ಅಂದಿನಿಂದ ನಮ್ಮ ಮನೆಯಾಕೆ, “ಇಷ್ಟು ವರ್ಷ ಓಡಿಸಿದ್ದು ಸಾಕು ರೀ, ಇನ್ನು ಬಿಡಿ, ಮೆಟ್ರೋ ಇದೆ, ಆಟೋ ಇದೆ” ಎಂದು ದಿನಕ್ಕೊಮ್ಮೆ ಹೇಳುತ್ತಿದ್ದಳು. ಮನುಷ್ಯನಿಗೆ ಉದ್ಯೋಗ ಹೋದದ್ದು ಒಂದು ಸಂಕಟ. ಗಾಡಿಯೂ ಹೋಗುವುದೆಂದರೆ ಇನ್ನೊಂದು. ನಾವು ಕೇಳಿಯೂ ಕೇಳದವರಂತಿದ್ದೆವು.

ಅಂಥ ಸಮಯದಲ್ಲಿ ಮಗ ಹೊಸ ಮೋಟಾರನ್ನು ತಂದ. “ಅಪ್ಪ, ಇದರಲ್ಲಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇದೆ. ಮುಂದಿನ ಗಾಡಿಯನ್ನು ನೋಡಿಕೊಂಡು ತಾನೇ ಹೋಗುತ್ತೆ, ತಾನೇ ನಿಲ್ಲುತ್ತೆ. ನೀವು ಸ್ಟೇರಿಂಗ್ ಹಿಡಿದುಕೊಂಡಿದ್ದರೆ ಆಯಿತು” ಎಂದ. ನಾವು ಅದಕ್ಕೆ ‘ಅನುವರ್ತಕ ವೇಗನಿಯಾಮಕ’ವೆಂದು ನಾಮಕರಣ ಮಾಡಿದೆವು. ಮನೆಯಾಕೆ ‘ಬಾಲಂಗೋಚಿ’ ಎಂದಳು. ಹೆಸರೇನೇ ಇರಲಿ, ನಮಗೆ ಒಳಗೊಳಗೇ ಆದ ಸಂತೋಷ ಇಷ್ಟೇ: ನಮ್ಮ ಕಣ್ಣು ಮಂಜಾದರೇನು, ಗಾಡಿಯ ಕಣ್ಣು ಚುರುಕಾಗಿದೆಯಲ್ಲ! ಇನ್ನು ಹತ್ತು ವರ್ಷ ನಮ್ಮನ್ನು ಇಳಿಸುವವರಿಲ್ಲ.

ಈ ಯಂತ್ರದ ಮೂಲಪುರುಷನ ಕಥೆ ವಿಚಿತ್ರವಾದದ್ದು. ಅಮೆರಿಕದ ಇಂಡಿಯಾನಾ ಪ್ರಾಂತದ ರಾಲ್ಫ್ ಟೀಟರ್ ಎಂಬ ಎಂಜಿನಿಯರು ಐದನೆಯ ವಯಸ್ಸಿನಲ್ಲಿ ಅಪಘಾತವೊಂದರಿಂದ ಎರಡು ಕಣ್ಣನ್ನೂ ಕಳೆದುಕೊಂಡವನು. ಒಮ್ಮೆ ಅವನ ವಕೀಲನು ಗಾಡಿ ಓಡಿಸುತ್ತಿದ್ದಾಗ, ಮಾತನಾಡುವಾಗ ನಿಧಾನಿಸುತ್ತಲೂ ಕೇಳುವಾಗ ವೇಗ ಹೆಚ್ಚಿಸುತ್ತಲೂ ಇದ್ದನಂತೆ. ಆ ಜಗ್ಗಾಟಕ್ಕೆ ಬೇಸತ್ತ ಟೀಟರನು ವೇಗವನ್ನು ಒಂದೇ ಸಮನಾಗಿ ಹಿಡಿದಿಡುವ ಉಪಾಯವನ್ನು ಕಂಡುಹಿಡಿದನೆಂದು ಹೇಳುತ್ತಾರೆ. ೧೯೫೦ರಲ್ಲಿ ಅವನಿಗೆ ಅದರ ಹಕ್ಕುಪತ್ರ ದೊರೆಯಿತು. ೧೯೫೮ರ ಕ್ರೈಸ್ಲರ್ ಗಾಡಿಗಳಲ್ಲಿ ಅದು ಬಳಕೆಗೆ ಬಂತು. ಆ ಯಂತ್ರಕ್ಕೆ ವೇಗವನ್ನು ಹಿಡಿಯುವುದು ಗೊತ್ತಿತ್ತೇ ಹೊರತು ಎದುರಿಗೆ ಏನಿದೆಯೆಂಬುದು ಗೊತ್ತಿರಲಿಲ್ಲ. ಅದಕ್ಕೆ ಕಣ್ಣು ಬಂದದ್ದು ೧೯೯೦ರ ದಶಕದಲ್ಲಿ, ಜಪಾನಿನಲ್ಲಿಯೂ ಜರ್ಮನಿಯಲ್ಲಿಯೂ.

ಆ ಕಣ್ಣಾದರೂ ಎಂಥದು? ಗಾಡಿಯ ಮೂತಿಯಲ್ಲಿ ಒಂದು ರೇಡಾರು ಅಡಗಿರುತ್ತದೆ. ಅದು ಸೆಕೆಂಡಿಗೆ ೭,೭೦೦ ಕೋಟಿ ಸಲದಷ್ಟು ಕಂಪಿಸುವ ಅಲೆಗಳನ್ನು ಮುಂದಕ್ಕೆ ಎಸೆಯುತ್ತದೆ. ಅಲೆಯೊಂದರ ಉದ್ದ ಸುಮಾರು ನಾಲ್ಕು ಮಿಲಿಮೀಟರು, ಎಂದರೆ ಒಂದು ಅಕ್ಕಿಕಾಳಿಗಿಂತ ಕಿರಿದು. ಮುಂದಿನ ಗಾಡಿಗೆ ತಗುಲಿ ಮರಳಿ ಬರುವ ಹೊತ್ತಿನಿಂದ ದೂರವೂ, ಕಂಪನದಲ್ಲಾಗುವ ವ್ಯತ್ಯಾಸದಿಂದ ಆ ಗಾಡಿಯ ವೇಗವೂ ತಿಳಿಯುತ್ತವೆ. ಈ ವ್ಯತ್ಯಾಸದ ತತ್ತ್ವವನ್ನು ಆಸ್ಟ್ರಿಯದ ಡಾಪ್ಲರನು ೧೮೪೨ರಲ್ಲಿಯೇ ಹೇಳಿದ್ದಾನೆ. ಇದರ ಜೊತೆಗೆ ಅನೇಕ ಗಾಡಿಗಳಲ್ಲಿ ಎದುರುಗಾಜಿನ ಹಿಂದೆ ಒಂದು ಕ್ಯಾಮರಾ ಇರುತ್ತದೆ. ಎರಡೂ ಸೇರಿ, ಮುಂದಿನವನಿಗೂ ತನಗೂ ನಡುವೆ ನಾವು ಗೊತ್ತುಮಾಡಿದಷ್ಟು ಅಂತರವನ್ನು ಕಾಯುತ್ತವೆ. ಅಂತರದ ಲೆಕ್ಕ ಸೆಕೆಂಡಿನಲ್ಲಿ. ಗಂಟೆಗೆ ೩೬ ಕಿಲೋಮೀಟರು ವೇಗವಾದರೆ ಸೆಕೆಂಡಿಗೆ ೧೦ ಮೀಟರು. ಎರಡು ಸೆಕೆಂಡಿನ ಅಂತರವೆಂದರೆ ೨೦ ಮೀಟರು. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಪಾಡೆಲ್ಲ ಇದರಿಂದಲೇ.

ಮೊದಲು ಅದರ ಗುಣವನ್ನು ಹೇಳುವುದು ನ್ಯಾಯ. ಮಗಳ ಮನೆ ಮೈಸೂರಿನಲ್ಲಿ. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೆದ್ದಾರಿಯ ಮುಖ್ಯ ದಾರಿಗೆ ಅದೇ ವರ್ಷದ ಆಗಸ್ಟ್ ೧ರಿಂದ ದ್ವಿಚಕ್ರವಾಹನ, ಆಟೋ, ಟ್ರಾಕ್ಟರುಗಳು ಬರಕೂಡದೆಂದು ಕಟ್ಟುಮಾಡಿದ್ದಾರೆ. ಅಲ್ಲಿ ವೇಗವನ್ನು ೮೦ಕ್ಕೆ ನಿಲ್ಲಿಸಿ ಹೊರಟೆವು. ಬಿಡದಿ ಕಳೆಯಿತು, ರಾಮನಗರದ ಬೆಟ್ಟಗಳು ಹಿಂದಾದವು, ಮದ್ದೂರು ಮಂಡ್ಯಗಳು ಪಕ್ಕದಲ್ಲಿ ಸರಿದವು. ಪಾದಕ್ಕೆ ಕೆಲಸವೇ ಇಲ್ಲ. ಮುಂದಿನ ಲಾರಿ ನಿಧಾನಿಸಿದರೆ ನಮ್ಮದೂ ನಿಧಾನ. ಅದು ಪಕ್ಕಕ್ಕೆ ಸರಿದರೆ ನಮ್ಮದು ಮತ್ತೆ ೮೦. ವಿನೀತ ಶಿಷ್ಯನ ನಡತೆ. ಮಂಡಿನೋವಿಲ್ಲದೆ ಮಗಳ ಮನೆಯ ಮೆಟ್ಟಿಲು ಹತ್ತಿದೆವು. ಹೀಗೆ ನಮ್ಮ ಭಕ್ತಿ ಬಲವಾಯಿತು. ಭಕ್ತಿ ಬಲವಾದಲ್ಲಿ ಪರೀಕ್ಷೆ ಶಿಥಿಲವಾಗುವುದು ಲೋಕರೂಢಿಯಷ್ಟೆ.

ಮೈಸೂರಿನ ದಾರಿಯಲ್ಲಿ ನಡೆದದ್ದು ಮಾರೇನಹಳ್ಳಿ ರಸ್ತೆಯಲ್ಲಿ ನಡೆಯಬೇಡವೆ ಎಂದು ಊರೊಳಗೂ ಅದನ್ನೇ ಹೂಡಿದೆವು. ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯ ೨೦೨೪ರ ಗಣನೆಯಂತೆ ನಮ್ಮ ಬೆಂಗಳೂರಿನಲ್ಲಿ ೧೦ ಕಿಲೋಮೀಟರು ಸಾಗಲು ಸರಾಸರಿ ೩೪ ನಿಮಿಷ. ಎಂದರೆ ಗಂಟೆಗೆ ೧೮ ಕಿಲೋಮೀಟರೂ ಇಲ್ಲ. ಇಂಥ ಊರಿನಲ್ಲಿ ಮುಂದಿನವನಿಂದ ೧೦ ಮೀಟರು ದೂರ ಬಿಟ್ಟು ನಡೆಯುವುದೆಂದರೆ ಮಠದ ಪಂಕ್ತಿಯಲ್ಲಿ ಎಲೆ ಬಿಟ್ಟು ಎದ್ದುಹೋದಂತೆ. ಆ ಜಾಗ ನಮ್ಮದಾಗಿ ಉಳಿಯುವುದಿಲ್ಲ. ಮೊದಲು ಒಂದು ಸ್ಕೂಟರು ನುಗ್ಗಿತು. ಯಂತ್ರವು ಬೆಚ್ಚಿ ಬ್ರೇಕು ಹಾಕಿ ಹೊಸದಾಗಿ ಅಂತರ ಮಾಡಿತು. ಆ ಅಂತರದೊಳಕ್ಕೆ ಆಟೋ ಬಂತು. ಮತ್ತೆ ಬ್ರೇಕು, ಮತ್ತೆ ಅಂತರ, ಮತ್ತೆ ಎರಡು ಸ್ಕೂಟರು. ನಮ್ಮ ಗಾಡಿ ಧರ್ಮರಾಯನಂತೆ ಎಲ್ಲರಿಗೂ ಎಡೆಗೊಡುತ್ತ ನಿಂತಿತು. ಹಿಂದಿನವರು ಹಾರನ್ನಿನಿಂದ ಸಹಸ್ರನಾಮ ಮಾಡಿದರು.

ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನ ಕಡೆಗೆ ೨೦೨೪ರ ಜುಲೈಯಲ್ಲಿ ಬಿಟ್ಟ ಎರಡಂತಸ್ತಿನ ಮೇಲ್ಸೇತುವೆಯ ಮೇಲೆ ಅದು ಒಂದಷ್ಟು ಮಾನವಾಗಿ ನಡೆಯಿತು. ಕೆಳಗಿಳಿದು ಬಿಟಿಎಂ ಬಡಾವಣೆಯ ಅಡ್ಡರಸ್ತೆಗೆ ತಿರುಗಿದೊಡನೆ ಇನ್ನೊಂದು ಬುದ್ಧಿ ತೋರಿತು. ತಿರುವಿನಲ್ಲಿ ಮುಂದಿನ ಗಾಡಿ ರೇಡಾರಿನ ನೇರದಿಂದ ತಪ್ಪುತ್ತದೆ. ಯಂತ್ರವು ದಾರಿ ಖಾಲಿಯಾಯಿತೆಂದು ತಿಳಿದು ವೇಗ ಹೆಚ್ಚಿಸುತ್ತದೆ. ಅದೇ ಗಾಡಿ ಮತ್ತೆ ಎದುರಾದಾಗ ನಡುಗಿ ನಿಲ್ಲುತ್ತದೆ. ನಿಂತ ವಸ್ತುಗಳ ವಿಷಯದಲ್ಲಂತೂ ರೇಡಾರಿಗೆ ಒಂದು ಹಳೆಯ ತೊಡಕುಂಟು. ದೀಪದ ಕಂಬ, ಚರಂಡಿಯ ಮುಚ್ಚಳ, ಹೆಸರಿನ ಹಲಗೆ ಎಲ್ಲವೂ ಅಲೆಯನ್ನು ಹಿಂದಿರುಗಿಸುತ್ತವೆ. ಎಲ್ಲಕ್ಕೂ ಬ್ರೇಕು ಹಾಕಿದರೆ ಗಾಡಿ ಹೊರಡುವುದೇ ಇಲ್ಲವೆಂದು, ನಿಂತದ್ದನ್ನು ಬಹುಮಟ್ಟಿಗೆ ಗಣಿಸದಂತೆ ಅದಕ್ಕೆ ಕಲಿಸುವುದು ರೂಢಿ. ಆದಕಾರಣ ಮೊದಲಿನಿಂದಲೇ ನಿಂತಿರುವ ನೀರಿನ ಟ್ಯಾಂಕರನ್ನು ಅದು ತಡವಾಗಿ ಕಾಣಬಹುದು, ಕಾಣದೆಯೂ ಇರಬಹುದು. ಇನ್ನು ಬಣ್ಣ ಬಳಿಯದ ರಸ್ತೆಯುಬ್ಬು, ಮಳೆಗಾಲದ ಗುಂಡಿ, ಮಲಗಿದ ಹಸು—ಇವು ಅದರ ವ್ಯಾಕರಣದಲ್ಲಿಯೇ ಇಲ್ಲವೆಂದರೂ ಸಲ್ಲುತ್ತದೆ.

ಇಷ್ಟೆಲ್ಲ ಕಂಡೂ ನಾವು ಬಿಡಲಿಲ್ಲ. ಬಿಟ್ಟರೆ ಮನೆಯಾಕೆಯ ಮಾತು ಗೆದ್ದಂತಾಗುವುದಲ್ಲ!

ಆ ಮಂಗಳವಾರ ಮಧ್ಯಾಹ್ನ ಮೂರೂವರೆ. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಸಾಮಾನು ಕೊಂಡು ಕನಕಪುರ ರಸ್ತೆಗೆ ಬಂದೆವು. ಬನಶಂಕರಿ ಅಮ್ಮನವರಿಗೆ ಮಂಗಳವಾರ, ಶುಕ್ರವಾರ, ಭಾನುವಾರಗಳ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವುದು ವಾಡಿಕೆ. ರಸ್ತೆಯ ತುಂಬ ಹೆಂಗಸರು, ಹೂವಿನವರು, ಬುಟ್ಟಿಗಳು. ತಲೆಯ ಮೇಲೆ ಮೆಟ್ರೋ ಓಡಾಡುತ್ತಿತ್ತು, ಕೆಳಗೆ ನಾವು ತೆವಳುತ್ತಿದ್ದೆವು. ನಮ್ಮ ಗಾಡಿಯ ಯಂತ್ರಕ್ಕೆ ಒಂದು ಅಭ್ಯಾಸವಿದೆ: ಮುಂದಿನವನು ನಿಂತರೆ ತಾನೂ ನಿಲ್ಲುತ್ತದೆ, ಎರಡು ಮೂರು ಸೆಕೆಂಡಿನೊಳಗೆ ಅವನು ಹೊರಟರೆ, ನಮ್ಮನ್ನು ಕೇಳದೆ ತಾನೂ ಹೊರಡುತ್ತದೆ. ನಾವು ಪಾದವನ್ನು ಹಿಂದಕ್ಕೆಳೆದುಕೊಂಡು, ಕೊಂಡ ಸಾಮಾನಿನ ಲೆಕ್ಕವನ್ನು ಮನೆಯಾಕೆಯೊಡನೆ ಮಾತನಾಡುತ್ತಿದ್ದೆವು. ಮುಂದಿನ ಗಾಡಿ ನಿಂತಿತು, ನಮ್ಮದೂ ನಿಂತಿತು. ಆ ಎಡೆಯಲ್ಲಿ ಬೆನ್ನು ಬಾಗಿದ ಮುದುಕಿಯೊಬ್ಬಳು, ಕೈಯಲ್ಲಿ ದೀಪದ ತಟ್ಟೆ ಹಿಡಿದು, ಗಾಡಿಯ ಎಡಮೂಲೆಗೆ ಅಂಟಿಕೊಂಡಂತೆ ಅಡ್ಡಹಾಯ್ದಳು. ಮುಂದಿನ ಗಾಡಿ ಹೊರಟಿತು. ನಮ್ಮದೂ ಹೊರಟಿತು.

“ರೀ!” ಎಂದು ಮನೆಯಾಕೆ ಕೂಗಿದ ಕೂಗು ಇಂದಿಗೂ ಕಿವಿಯಲ್ಲಿದೆ. ಎಡಗಣ್ಣಿನ ಮಂಜೋ, ಮನಸ್ಸಿನ ಮಂಜೋ, ನಾವು ಆ ಮುದುಕಿಯನ್ನು ಕಂಡಿರಲಿಲ್ಲ. ಪಾದವು ಬ್ರೇಕನ್ನು ಹುಡುಕಿ ಒತ್ತುವಷ್ಟರಲ್ಲಿ ಗಾಡಿ ಒಂದು ಮೊಳ ಸರಿದಿತ್ತು. ಮುದುಕಿಗೆ ಪೆಟ್ಟಾಗಲಿಲ್ಲ, ತಟ್ಟೆ ಮಾತ್ರ ಜಾರಿ ಎಣ್ಣೆ ಬಂಪರಿನ ಮೇಲೆ ಚೆಲ್ಲಿತು, ನಿಂಬೆಯ ಹೋಳುಗಳು ಚಕ್ರದ ಕೆಳಗೆ ಉರುಳಿದವು. ನಾವು ಇಳಿದು ಕೈಮುಗಿದೆವು. ಆಕೆ ಬೈಯಲಿಲ್ಲ. ನಮ್ಮ ನರೆತ ತಲೆಯನ್ನೂ ತೆರೆದ ಬಾಗಿಲನ್ನೂ ನೋಡಿ, “ಗಾಡಿ ಯಾರಪ್ಪಾ ಓಡಿಸ್ತಾ ಇದ್ದದ್ದು?” ಎಂದಳು.

ಸುಲಭವಾದ ಪ್ರಶ್ನೆ. ಮೂವತ್ತನಾಲ್ಕು ವರ್ಷ ಪ್ರಶ್ನೆ ಕೇಳಿದ ನಮಗೆ ಉತ್ತರ ಬರಲಿಲ್ಲ. ‘ನಾವು’ ಎಂದರೆ ಸುಳ್ಳಾಗುತ್ತಿತ್ತು, ‘ಯಂತ್ರ’ವೆಂದರೆ ನಾಚಿಕೆಗೇಡು. ಹೊಸ ನಿಂಬೆಹಣ್ಣು, ಎಣ್ಣೆ, ಬತ್ತಿ ಕೊಡಿಸಿ, ಮನೆಯಾಕೆ ಆಕೆಯ ಕೈಹಿಡಿದು ಗುಡಿಯ ಬಾಗಿಲವರೆಗೆ ಬಿಟ್ಟುಬಂದಳು. ಮನೆಯವರೆಗೂ ನಾವಿಬ್ಬರೂ ಮಾತನಾಡಲಿಲ್ಲ.

ರಾತ್ರಿ, ಗಾಡಿಯೊಡನೆ ಕೊಟ್ಟ ಕೈಪಿಡಿಯನ್ನು ಮೊದಲ ಬಾರಿಗೆ ತೆರೆದೆವು. ಊರೊಳಗಿನ ದಟ್ಟ ಸಂಚಾರದಲ್ಲಿ ಬಳಸಬೇಡಿ; ಪಾದಚಾರಿಗಳನ್ನು ಗುರುತಿಸದೆ ಹೋಗಬಹುದು; ಹೊಣೆ ಸದಾ ಚಾಲಕನದು—ಎಲ್ಲವನ್ನೂ ಸ್ಪಷ್ಟವಾಗಿ ಬರೆದಿದ್ದರು. ಪಾಠವನ್ನು ಪೂರ್ತಿ ಓದದೆ ಪರೀಕ್ಷೆಗೆ ಬಂದಿರೆಂದು ಎಷ್ಟು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆವೋ! ಅಂದು ನಾವೇ ನಿಲ್ಲಬೇಕಾಗಿತ್ತು.

ಅಂಧಪಂಗುನ್ಯಾಯವೆಂದು ಶಾಸ್ತ್ರದಲ್ಲಿ ಒಂದು ದೃಷ್ಟಾಂತವಿದೆ. ಕಣ್ಣಿಲ್ಲದವನ ಹೆಗಲ ಮೇಲೆ ಕಾಲಿಲ್ಲದವನು ಕುಳಿತು ದಾರಿ ಹೇಳುತ್ತಾನೆ. ಇಬ್ಬರೂ ಊರು ಸೇರುತ್ತಾರೆ. ಪ್ರಕೃತಿಪುರುಷರ ಸಂಯೋಗವನ್ನು ತಿಳಿಸಲು ಸಾಂಖ್ಯರು ಇದನ್ನು ಹೇಳುವುದುಂಟು. ನಮಗೂ ಯಂತ್ರಕ್ಕೂ ಇರಬೇಕಾದ ಸಂಬಂಧ ಇದೇ. ಅದಕ್ಕೆ ಕಾಲಿದೆ, ಕಣ್ಣು ಅರೆಗಣ್ಣು. ಹೆಗಲ ಮೇಲೆ ಕುಳಿತವನು ಅದರ ಅರೆಗಣ್ಣನ್ನು ನಂಬಿ ತನ್ನ ಕಣ್ಣನ್ನು ಮುಚ್ಚಿದರೆ, ಎರಡು ಕುರುಡು ಸೇರಿದಂತಾಯಿತು. ಕಠೋಪನಿಷತ್ತಿನಲ್ಲಿ ದೇಹವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಹೇಳಿದೆ. ಅದನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ. ಸಾರಥಿಯನ್ನು ಕೆಳಗಿಳಿಸಿ ರಥವನ್ನು ಹೊರಡಿಸಿದವರು ಮಾತ್ರ ನಾವೇ.

ಯಂತ್ರವನ್ನು ತೆಗೆಸಿಹಾಕಿರೆಂದು ಯಾರಿಗೂ ಹೇಳುವುದಿಲ್ಲ. ಮೈಸೂರಿನ ದಾರಿಯಲ್ಲಿ ಅದು ಉಪಕಾರಿಯೇ. ಅಲ್ಲಿ ಅದಕ್ಕೆ ಬೇಕಾದ ಶಿಸ್ತು ದಾರಿಯಲ್ಲಿಯೇ ಇದೆ. ನಮ್ಮ ಬಡಾವಣೆಗಳ ದಾರಿಯಲ್ಲಿ ನಡೆಯುವುದು ಸನ್ನೆಯ ಭಾಷೆ: ಹೂವಿನವಳು ಕೈಯೆತ್ತುತ್ತಾಳೆ, ಆಟೋದವನು ಪಾದ ಚಾಚುತ್ತಾನೆ, ಸ್ಕೂಲಿನ ಹುಡುಗ ಕಣ್ಣಿನಲ್ಲಿಯೇ ಅಪ್ಪಣೆ ಕೇಳಿ ಓಡುತ್ತಾನೆ. ಅದನ್ನು ಓದಬಲ್ಲದ್ದು ಮನುಷ್ಯನ ಕಣ್ಣು.

ಆದುದರಿಂದ ನಮ್ಮ ಮನೆಯಲ್ಲಿ ಕಟ್ಟಳೆಯಾಗಿದೆ. ಊರೊಳಗೆ ಯಂತ್ರದ ಗುಂಡಿಯನ್ನು ಮುಟ್ಟಕೂಡದು. ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದು ವೈದ್ಯರು ಒಪ್ಪುವವರೆಗೆ ನಾವು ಚಕ್ರವನ್ನೇ ಹಿಡಿಯಕೂಡದು. ಎರಡನೆಯದನ್ನು ಮನೆಯಾಕೆ ಕೇಳುವ ಮೊದಲೇ ನಾವೇ ಹೇಳಿದೆವು. ಮಗ, “ಸೆಟಿಂಗ್ ಬದಲಾಯಿಸಿ ಕೊಡ್ತೀನಪ್ಪ” ಎಂದ. “ಬದಲಾಯಿಸಬೇಕಾದದ್ದು ಗಾಡಿಯಲ್ಲಿ ಇಲ್ಲವಪ್ಪ” ಎಂದೆವು. ಈಗ ಜಯನಗರಕ್ಕೆ ಹೋಗಬೇಕಾದರೆ ಬನಶಂಕರಿ ನಿಲ್ದಾಣದಿಂದ ಮೆಟ್ರೋ. ಅಮ್ಮನವರ ಗುಡಿಗೆ ನಡಿಗೆ.

ಗಾಡಿ ತೊಳೆಯುವ ಹುಡುಗ ಬಂಪರಿನ ಎಣ್ಣೆಯನ್ನು ಮರುದಿನವೇ ಒರೆಸಿದ. ಈಗ ಅಲ್ಲಿ ಗುರುತೇನೂ ಇಲ್ಲ. ಆದರೂ ಮಗನ ಪಕ್ಕದಲ್ಲಿ ಕೂಡುವ ಮೊದಲು ನಾವು ಮುಂದಕ್ಕೆ ಹೋಗಿ ಆ ಎಡಮೂಲೆಯನ್ನು ಒಮ್ಮೆ ನೋಡಿಯೇ ಹತ್ತುತ್ತೇವೆ.