ಒಂದು ಕಡತ, ಹಲವು ಕಿಟಕಿ

ವಿಜ್ಞಾನದ ಮೇಷ್ಟ್ರಿಗೆ ಕಡತಗಳ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಇಪ್ಪತ್ತೈದು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಗೊತ್ತು, ಶಾಲೆ ನಡೆಯುವುದು ಪಾಠದಿಂದ ಅರ್ಧ, ಪಟ್ಟಿಗಳಿಂದ ಅರ್ಧ. ಹಾಜರಿ, ಅಂಕ, ಬಿಸಿಯೂಟ, ವಿದ್ಯಾರ್ಥಿವೇತನ, ಹೀಗೆ ಒಂದೊಂದಕ್ಕೂ ಒಂದೊಂದು ಪಟ್ಟಿ. ಮೊದಲು ಇವೆಲ್ಲ ಬೀರುವಿನಲ್ಲಿರುತ್ತಿದ್ದವು. ಬೀರುವಿನ ಕೀಲಿ ಗುಮಾಸ್ತರ ಜೇಬಿನಲ್ಲಿ. ಗುಮಾಸ್ತರು ರಜೆ ಹಾಕಿದರೆ ಬೀರುವಿಗೂ ರಜೆ!

ಕಂಪ್ಯೂಟರ್ ಬಂದ ಮೇಲೆ ತೊಂದರೆ ಹೋಗಲಿಲ್ಲ, ವೇಷ ಬದಲಾಯಿಸಿತು ಅಷ್ಟೆ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ವಿದ್ಯಾರ್ಥಿವೇತನದ ಪಟ್ಟಿಯ ಒಂದು ಪ್ರತಿ ಕಚೇರಿಯ ಕಂಪ್ಯೂಟರಿನಲ್ಲಿತ್ತು, ಇನ್ನೊಂದು ಪೆನ್ ಡ್ರೈವಿನಲ್ಲಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಒಂದರಲ್ಲಿ ತಿದ್ದಿದರು. ಮೇಲಿನ ಕಚೇರಿಗೆ ಹೋದದ್ದು ಮತ್ತೊಂದು. ಆ ವರ್ಷದ ಹಣ ಅವಳ ಕೈ ಸೇರುವ ಹೊತ್ತಿಗೆ ಅವಳು ಹತ್ತನೆಯ ತರಗತಿಯ ಪರೀಕ್ಷೆ ಬರೆಯುತ್ತಿದ್ದಳು. ಕೂಲಿ ಮಾಡುವ ತಂದೆ ಅಷ್ಟು ದಿನ ಶಾಲೆಗೂ ಬ್ಯಾಂಕಿಗೂ ಅಲೆದದ್ದು ಯಾವ ಪಟ್ಟಿಯಲ್ಲೂ ಇಲ್ಲ.

ಹೀಗೆ ಮಾಹಿತಿ ಚದುರಿಹೋಗುವ ಕಾಟ ದೊಡ್ಡ ದೊಡ್ಡವರಿಗೂ ತಪ್ಪಿದ್ದಲ್ಲ. ಜಿನೀವಾ ನಗರದ ಬಳಿ ಸರ್ನ್ ಎಂಬ ಭೌತವಿಜ್ಞಾನದ ಸಂಶೋಧನಾ ಕೇಂದ್ರವಿದೆ. ನಾನಾ ದೇಶಗಳ ವಿಜ್ಞಾನಿಗಳು ಅಲ್ಲಿಗೆ ಬರುತ್ತಿದ್ದರು, ಹೋಗುತ್ತಿದ್ದರು. ಅವರೊಂದಿಗೆ ಮಾಹಿತಿಯೂ ಹೋಗಿಬಿಡುತ್ತಿತ್ತು. ಉಳಿದದ್ದು ಒಂದಕ್ಕೊಂದು ಹೊಂದದ ಬಗೆಬಗೆಯ ಕಂಪ್ಯೂಟರ್‌ಗಳಲ್ಲಿ ಸಿಕ್ಕಿಬಿದ್ದಿರುತ್ತಿತ್ತು. ಇದಕ್ಕೊಂದು ದಾರಿ ಸೂಚಿಸಿ ಟಿಮ್ ಬರ್ನರ್ಸ್-ಲೀ 1989ರ ಮಾರ್ಚಿನಲ್ಲಿ ಒಂದು ಟಿಪ್ಪಣಿ ಬರೆದರು. ‘ಅಸ್ಪಷ್ಟ, ಆದರೆ ರೋಚಕ’ ಎಂದು ಮೇಲಧಿಕಾರಿ ಅದರ ನೆತ್ತಿಯ ಮೇಲೆ ಗೀಚಿದರು. ಅದರಿಂದ ಹುಟ್ಟಿದ್ದೇ ವೆಬ್. ಸರ್ನ್‌ನ ಜನ ಮೊದಮೊದಲು ಅದನ್ನು ಬಳಸಿದ್ದು ಯಾವ ಘನಕಾರ್ಯಕ್ಕೂ ಅಲ್ಲ, ಕಚೇರಿಯ ಟೆಲಿಫೋನ್ ಡೈರೆಕ್ಟರಿ ನೋಡಲು! 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು.

ಈಗ ನಾನಿರುವ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಇದೇ ಉಪಾಯ ಮಾಡಿಕೊಟ್ಟಿದ್ದಾನೆ. ಪಟ್ಟಿಗಳೆಲ್ಲ ಕಚೇರಿಯ ಒಂದೇ ಯಂತ್ರದಲ್ಲಿವೆ. ಮೊದಲು ಅವು ಶಾಲೆಯೊಳಗಿನ ತಂತಿಗೆ ಜೋಡಿಸಿದ ಕಂಪ್ಯೂಟರ್‌ಗಳಿಗೆ ಮಾತ್ರ ಸಿಗುತ್ತಿದ್ದವು. ಈಗ ಮೊಬೈಲಿನ ಬ್ರೌಸರಿನಲ್ಲೂ ಸಿಗುತ್ತವೆ.

‘ಅಲ್ಲಪ್ಪಾ, ಆ ಫೋಲ್ಡರನ್ನೇ ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ಆಗದೆ?’ ಎಂದು ಕೇಳಿದೆ. ಅವನು ಗ್ರಂಥಾಲಯದ ಉದಾಹರಣೆ ಕೊಟ್ಟ. ಪುಸ್ತಕದ ಉಗ್ರಾಣಕ್ಕೆ ಯಾರನ್ನೂ ಬಿಡುವುದಿಲ್ಲ. ಕಿಟಕಿಯಲ್ಲಿ ಚೀಟಿ ಕೊಡಬೇಕು. ಒಳಗಿರುವಾತ ನೀವು ಯಾರೆಂದು ವಿಚಾರಿಸಿ, ಪುಸ್ತಕ ತಂದು ಕೊಟ್ಟು, ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾನೆ. ವೆಬ್ ಸರ್ವರ್ ಎಂಬುದು ಈ ಕಿಟಕಿ. ದಾರಿಯಲ್ಲಿ ಯಾರೂ ಕದ್ದು ಓದದಂತೆ ಚೀಟಿಯೂ ಪುಸ್ತಕವೂ ಗೂಢಲಿಪಿಯಲ್ಲೇ ಓಡಾಡುತ್ತವೆ.

ಕಿಟಕಿ ಬಿಟ್ಟು ಬಾಗಿಲನ್ನೇ ತೆರೆದರೆ ಏನಾಗುತ್ತದೆಂದು 2017ರ ಮೇ ತಿಂಗಳಲ್ಲಿ ಜಗತ್ತು ಕಂಡಿತು. ವನ್ನಾಕ್ರೈ ಎಂಬ ಕುತಂತ್ರಾಂಶ ವಿಂಡೋಸ್‌ನ ಕಡತ ಹಂಚಿಕೆಯ ವ್ಯವಸ್ಥೆಯಲ್ಲಿದ್ದ ಒಂದು ಬಿರುಕಿನಲ್ಲಿ ನುಸುಳಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಆ ಬಿರುಕಿಗೆ ತೇಪೆ ಎರಡು ತಿಂಗಳು ಮೊದಲೇ ಬಂದಿತ್ತು, ಹಲವರು ಹಾಕಿಕೊಂಡಿರಲಿಲ್ಲ.

ಕಿಟಕಿಯಲ್ಲೂ ಎಲ್ಲರಿಗೂ ಎಲ್ಲವೂ ಸಿಗಬಾರದು. ನಮ್ಮಲ್ಲಿ ನಾನು ವಿಜ್ಞಾನದ ಅಂಕ ತಿದ್ದಬಲ್ಲೆ, ಗಣಿತದ ಅಂಕ ನೋಡಬಲ್ಲೆ ಅಷ್ಟೆ. ತಂದೆತಾಯಿ ತಮ್ಮ ಮಗುವಿನದನ್ನು ಮಾತ್ರ ನೋಡುತ್ತಾರೆ. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರು ಅದನ್ನೇ ತಿದ್ದದಂತೆ ಯಂತ್ರ ತಡೆಯುತ್ತದೆ. ಹಂಚಿಕೊಳ್ಳುವುದು ಎಂದರೆ ಬೀದಿಗೆ ಚೆಲ್ಲುವುದಲ್ಲ. ಯಾರಿಗೆ ಎಷ್ಟು ಎಂದು ಗೊತ್ತಿದ್ದಾಗಲೇ ಧೈರ್ಯವಾಗಿ ಹಂಚಿಕೊಳ್ಳಬಹುದು.

ಮಕ್ಕಳೇ, 2015ರಲ್ಲಿ ಆರಂಭವಾದ ಡಿಜಿಲಾಕರ್ ಕೂಡ ಇಂಥದೇ ಕಿಟಕಿ. ಅದರ ಪಾಸ್‌ವರ್ಡನ್ನು ಗೆಳೆಯನಿಗೆ ಹೇಳುವುದೂ ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಡುವುದೂ ಒಂದೇ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಭೆಗೆ ಹೋದಾಗ ಅಂಕಗಳ ಜೊತೆಗೆ ಮೂರು ಪ್ರಶ್ನೆ ಕೇಳಿ. ನನ್ನ ಮಗುವಿನ ವಿವರ ಒಂದೇ ಕಡೆ ಇದೆಯೆ, ನಾಲ್ಕು ಕಡೆ ಇದೆಯೆ? ಅದನ್ನು ನೋಡುವವರು ಯಾರು, ತಿದ್ದುವವರು ಯಾರು? ಆ ಯಂತ್ರ ಕೆಟ್ಟರೆ ಕಾಪಿಟ್ಟ ಪ್ರತಿ ಬೇರೆಲ್ಲಾದರೂ ಇದೆಯೆ? ಉತ್ತರ ತಡವರಿಸಿದರೂ ಚಿಂತೆಯಿಲ್ಲ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಕಡತಗಳು ತಾವಾಗಿಯೇ ಸರಿದಾರಿಗೆ ಬರುತ್ತವೆ.