ಮೂವತ್ತಾರೇ ಚಿತ್ರ... ಗುಂಡ್ಲುಪೇಟೆ ದಾರಿ!

ಕೈಯಲ್ಲಿ ಹಳೇ ಪೆಂಟಾಕ್ಸ್ ಕೆ 1000, ಒಳಗೆ 36 ಚಿತ್ರದ ಒಂದೇ ರೀಲು. ಮೊಬೈಲಿನ ಹಾಗೆ ತೆಗೆದು ತೆಗೆದು ಅಳಿಸೋ ಆಟ ಇಲ್ಲಿಲ್ಲ ಗೆಳೆಯರೇ! 1976ರಿಂದ 1997ರವರೆಗೆ ತಯಾರಾದ ಈ ಕ್ಯಾಮೆರಾದಲ್ಲಿ ಬ್ಯಾಟರಿ ಸತ್ತರೆ ಬೆಳಕು ಅಳೆಯೋ ಮುಳ್ಳು ಮಾತ್ರ ಮಲಗುತ್ತೆ, ಶಟರ್ ಓಡ್ತಾನೇ ಇರುತ್ತೆ. ಹೊಸಬರಿಗೆ ಇದಕ್ಕಿಂತ ಒಳ್ಳೇ ಮೇಷ್ಟ್ರು ಸಿಗಲಾರರು.

ಚಾಮರಾಜನಗರದಲ್ಲಿ 1826ರ ಚಾಮರಾಜೇಶ್ವರ ಗುಡಿ ಮುಂದೆ ರಣಬಿಸಿಲು. 100ರ ಫಿಲ್ಮು, 125ರ ಶಟರ್, 16ರ ಅಪರ್ಚರ್... ಮುಳ್ಳೂ ಅದನ್ನೇ ಹೇಳಿತು. ಎರಡು ಸಾಕು ಅಂತ ಬಸ್ಸು ಹತ್ತಿದೆ. (ಇದು ಅಣ್ಣಾವ್ರ ಸೀಮೆ, ಗಾಜನೂರು ಗಡಿಯಾಚೆಗೇ ಇದೆ!)

ಗುಂಡ್ಲುಪೇಟೆ ಹತ್ತಿರ ಹೊಲದ ತುಂಬ ಚೆಂಡುಹೂವು. ಹೂ ಕೀಳುತ್ತಿದ್ದ ಅಜ್ಜಿಯೊಬ್ಬರು, "ಎಲ್ಲಿ, ತೋರ್ಸಪ್ಪಾ" ಅಂದರು.

"ಈಗ್ಲೇ ಕಾಣಾಕಿಲ್ಲ ಅಜ್ಜಿ, ತೊಳೆಸ್ಬೇಕು."

"ಹಂಗಾದ್ರೆ ತಂದ್ಕೊಡು. ಮನೇಲಿ ನಂದೊಂದು ಪಟನೂ ಇಲ್ಲ ಕನಪ್ಪಾ."

ಸೆರಗು ಸರಿಮಾಡಿಕೊಳ್ಳೋವರೆಗೆ ಕಾದೆ. ಮೂರು ಚಿತ್ರ ಅವರಿಗೇ.

1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಪ್ಪಲಿನಿಂದ ಸರ್ಕಾರಿ ಬಸ್ಸೇ ಗತಿ. ಮೇಲೆ ಬರೀ ಮಂಜು. ಮುಳ್ಳನ್ನೇ ನಂಬಿದರೆ ಬೆಳ್ಳನೆಯ ಮಂಜು ಬೂದುಬಣ್ಣಕ್ಕೆ ತಿರುಗುತ್ತೆ. ಒಂದು ಸ್ಟಾಪು ಹೆಚ್ಚು ಬೆಳಕು ಕೊಡಿ.

ರೀಲು ತೊಳೆಯೋಕೆ ಬೆಂಗಳೂರಿಗೆ ಹೋಗಿದೆ. ಅಜ್ಜಿಗೆ ದೀಪಾವಳಿಯೊಳಗೆ ಅಂತ ಮಾತು ಕೊಟ್ಟಿದ್ದೀನಿ.