ಮಂಜಿನ ನಾಡಿನ ಮುದಿ ಜೀಪು

ಬೆಳಗಿನ ಆರು ಗಂಟೆ. ಮಡಿಕೇರಿ ಇನ್ನೂ ಮಂಜಿನ ಕಂಬಳಿ ಹೊದ್ದು ಮಲಗಿದೆ. ರಸ್ತೆಯಂಚಿನಲ್ಲಿ ಸಾಲಾಗಿ ನಿಂತ ಜೀಪುಗಳ ಚಾಲಕರು ಬಾನೆಟ್ ಎತ್ತಿ, ಆಯಿಲ್ ಕಡ್ಡಿಯನ್ನು ಎಳೆದು ನೋಡಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸುತ್ತಿದ್ದಾರೆ. ಬೆಟ್ಟ ನೋಡಲು ಬಂದ ಮಕ್ಕಳಿಗೆ ಅವಸರ, ಚಾಲಕರಿಗೆ ಇಲ್ಲ. “ಎರಡು ನಿಮಿಷ ತಡೀರಿ ಸಾರ್, ನೀರು ನೋಡ್ಬಿಡ್ತೀನಿ” ಎಂದು ಒಬ್ಬ ರೇಡಿಯೇಟರ್ ಮುಚ್ಚಳ ತಿರುಗಿಸುತ್ತಾನೆ. ಎಂಜಿನ್ ತಣ್ಣಗಿರುವಾಗ ಮಾತ್ರ ಆ ಮುಚ್ಚಳಕ್ಕೆ ಕೈ ಹಾಕಬೇಕೆಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಇವು ಮಾಂದಲ್‌ಪಟ್ಟಿಗೆ ಹೊರಟ ಜೀಪುಗಳು. ಮಡಿಕೇರಿಯಿಂದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಪುಷ್ಪಗಿರಿ ವನ್ಯಧಾಮದ ಸೆರಗಿನಲ್ಲಿರುವ ಈ ಹುಲ್ಲುಗಾವಲಿನ ಬೆಟ್ಟವನ್ನು 2008ರಲ್ಲಿ ತೆರೆಕಂಡ ‘ಗಾಳಿಪಟ’ ಚಿತ್ರ ನಾಡಿಗೆಲ್ಲ ಪರಿಚಯಿಸಿತು. ಮುಗಿಲುಪೇಟೆ ಎಂಬ ಹೆಸರೂ ಅದಕ್ಕಿದೆ. ಮೋಡಗಳೇ ವ್ಯಾಪಾರಕ್ಕೆ ಬಂದು ಸೇರುವ ಪೇಟೆ ಅದು. ದಾರಿ ಕಿರಿದಾಗಿ ಏರು ಕಡಿದಾಗುತ್ತಿದ್ದಂತೆ ಕಾರುಗಳು ಹಿಂದೆ ಉಳಿಯುತ್ತವೆ, ಅಲ್ಲಿಂದ ಮುಂದೆ ಜೀಪಿನದೇ ರಾಜ್ಯ. ಹೊಂಡಕ್ಕೆ ಒಂದು ಚಕ್ರ, ದಿಣ್ಣೆಗೆ ಒಂದು ಚಕ್ರ. ಒಳಗೆ ಕುಳಿತವರ ತಲೆ ಮೇಲಿನ ಸರಳಿಗೆ, ಕೈ ಎದುರಿನ ಕಂಬಿಗೆ.

ಬೆಟ್ಟದ ಮೇಲೆ ನಿಂತು ಮೋಡ ನೋಡಿದವರು ಬಹಳ. ಅಲ್ಲಿಗೆ ತಂದು ಬಿಟ್ಟ ವಾಹನವನ್ನು ನೋಡಿದವರು ಕಡಿಮೆ. ಕೊಡಗನ್ನು ಅರಿಯಬೇಕಾದರೆ ಅದನ್ನೂ ಒಮ್ಮೆ ಬಗ್ಗಿ ನೋಡಬೇಕು.

ಯುದ್ಧದಿಂದ ತೋಟಕ್ಕೆ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ವಿಲ್ಲೀಸ್ ಕಂಪನಿ 1941ರಿಂದ ಸೈನ್ಯಕ್ಕಾಗಿ ಅದನ್ನು ತಯಾರಿಸಿತು. ಭಾರತದಲ್ಲಿ 1945ರಲ್ಲಿ ಆರಂಭವಾಗಿ 1948ರಲ್ಲಿ ‘ಮಹೀಂದ್ರಾ ಅಂಡ್ ಮಹೀಂದ್ರಾ’ ಎಂಬ ಹೆಸರು ಪಡೆದ ಸಂಸ್ಥೆ 1947ರಿಂದಲೇ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು. ಮುಂದೆ ಇಲ್ಲೇ ತಯಾರಾದ ಎತ್ತರದ ಮೂತಿಯ ಪೆಟ್ರೋಲ್ ಜೀಪುಗಳು, ಆಮೇಲೆ ಡೀಸೆಲ್ ಎಂಜಿನ್ನಿನ ಎಂಎಂ 540ರಂಥವು ಹಳ್ಳಿಗಾಡನ್ನೆಲ್ಲ ತುಳಿದವು. 1985ರ ಕೊನೆಯಲ್ಲಿ ಮಾರುತಿ ಸಂಸ್ಥೆ 970 ಸಿಸಿಯ ಪುಟ್ಟ ಎಂಜಿನ್ನಿನ ಜಿಪ್ಸಿಯನ್ನು ತಂದಿತು. ಸುಮಾರು ಮೂರು ದಶಕ ಮಾರುಕಟ್ಟೆಯಲ್ಲಿದ್ದ ಜಿಪ್ಸಿಯನ್ನು 2019ರ ಹೊತ್ತಿಗೆ ನಿಲ್ಲಿಸಲಾಯಿತು.

ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ನಾಡಿನಲ್ಲಿ ಸೈನ್ಯದ ಈ ಬಂಡಿಗೆ ಅಪರಿಚಿತ ಭಾವನೆ ಇರಲಿಲ್ಲ. ಕಾಫಿ ತೋಟಗಳ ಏರಿಳಿತದ ಕೆಸರು ಹಾದಿಗೆ ಅದು ಹೇಳಿ ಮಾಡಿಸಿದಂತಿತ್ತು. ಗೊಬ್ಬರದ ಮೂಟೆ, ಕಾಳುಮೆಣಸಿನ ಚೀಲ, ಜ್ವರ ಬಂದ ಅಜ್ಜಿ, ಬಸ್ ಹಿಡಿಯಬೇಕಾದ ಶಾಲೆಯ ಮಕ್ಕಳು ಎಲ್ಲಕ್ಕೂ ಒಂದೇ ವಾಹನ. ತೋಟದ ಮನೆಗಳ ಕೊಟ್ಟಿಗೆಯಲ್ಲಿ ಮುವ್ವತ್ತು ವರ್ಷ ದಾಟಿದ ಜೀಪು ಇಂದಿಗೂ ಕಾಣಸಿಗುತ್ತದೆ. ಖಾಸಗಿ ವಾಹನದ ಮೊದಲ ನೋಂದಣಿಗೆ ಹದಿನೈದು ವರ್ಷ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು. ಮುದಿ ಜೀಪು ಆ ಪರೀಕ್ಷೆಯಲ್ಲಿ ಪಾಸಾಗಬೇಕಾದರೆ ಮನೆಯವರು ವರ್ಷವಿಡೀ ಓದಿಸಬೇಕು!

ಹಾಲಾದ ಎಣ್ಣೆ

ಓದಿಸುವ ಕೆಲಸ ಮಳೆ ಹಿಂದೆಗೆದ ಮೇಲೆ ಶುರು. ಮಡಿಕೇರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸಾಮಾನ್ಯವಾಗಿ 3,000 ಮಿಲಿಮೀಟರ್ ಮೀರುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆ ನಾಲ್ಕು ತಿಂಗಳು ಕೆಸರು ಕುಡಿದ ಜೀಪನ್ನು ಕಾಫಿ ಕೊಯ್ಲಿಗೆ ಮೊದಲೇ ಸಜ್ಜು ಮಾಡಬೇಕು.

ಇಂಥ ಒಂದು ಮನೆಯಂಗಳದ ಭಾನುವಾರ. ಸೈನ್ಯದಿಂದ ನಿವೃತ್ತನಾದ ತಂದೆ ಜೀಪಿನ ಕೆಳಗೆ ಅಂಗಾತ ಮಲಗಿದ್ದಾನೆ. ಪಿಯುಸಿ ಓದುವ ಮಗಳು ಟಾರ್ಚ್ ಹಿಡಿದಿದ್ದಾಳೆ. ಹಿಂದಿನ ಹೌಸಿಂಗಿನ ಬೋಲ್ಟು ಬಿಚ್ಚಿದರೆ ಕಪ್ಪಗೆ ಸುರಿಯಬೇಕಾದ ಗೇರ್ ಆಯಿಲ್ ಬೆಳ್ಳಗೆ, ಮಂದವಾಗಿ ಇಳಿಯುತ್ತಿದೆ.

“ಅಪ್ಪಾ, ಎಣ್ಣೆ ಯಾಕೆ ಹಾಲಿನ ಹಾಗೆ ಆಗಿದೆ?”

“ಹಳ್ಳ ದಾಟುವಾಗ ನೀರು ಕುಡಿದಿದೆ, ಮಗಳೇ.”

ಸೀಲು ಇದ್ದೂ ನೀರು ಒಳಗೆ ಹೋದದ್ದು ಹೇಗೆ? ಉತ್ತರ ಅವಳ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಓಡಿ ಓಡಿ ಹೌಸಿಂಗ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಥಟ್ಟನೆ ತಣ್ಣನೆಯ ಹಳ್ಳಕ್ಕೆ ಇಳಿದಾಗ ಗಾಳಿ ಕುಗ್ಗಿ ಒಳಗಿನ ಒತ್ತಡ ಇಳಿಯುತ್ತದೆ. ಆ ಕೊರತೆ ತುಂಬಲು ಹೊರಗಿನ ಗಾಳಿ ಬರಲೆಂದೇ ಹೌಸಿಂಗಿನ ಮೇಲೆ ಒಂದು ಉಸಿರುಗೊಳವೆ ಇರುತ್ತದೆ. ಅದು ಕೆಸರು ಕಟ್ಟಿದ್ದರೆ ಸವೆದ ಸೀಲಿನ ಸಂದಿಯಿಂದ ನೀರೇ ಒಳಕ್ಕೆ ಸೆಳೆಯಲ್ಪಡುತ್ತದೆ. ನೀರು ಬೆರೆತ ಎಣ್ಣೆ ಹಲ್ಲುಚಕ್ರಗಳ ನಡುವೆ ಪದರವಾಗಿ ನಿಲ್ಲದು. ಆದ್ದರಿಂದ ಮನೆಯಲ್ಲಿ ಮಾಡಬಹುದಾದ ಕೆಲಸ ಸುಲಭ. ಉಸಿರುಗೊಳವೆಯನ್ನು ಬಿಡಿಸಿ ಶುಚಿ ಮಾಡುವುದು, ಎಣ್ಣೆ ಬದಲಿಸುವುದು, ಮುಂದೆ ಹಳ್ಳ ಸಿಕ್ಕಾಗ ಹತ್ತು ನಿಮಿಷ ನಿಂತು ಆರಲು ಬಿಟ್ಟು ಇಳಿಯುವುದು.

ಪಟ್ಟಿ ಸ್ಪ್ರಿಂಗುಗಳ ಕೀಲು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಸ್ಟೀರಿಂಗಿನ ಸಂದುಗಳು, ಹೀಗೆ ಪುಟ್ಟ ನಿಪ್ಪಲ್ ಇರುವಲ್ಲೆಲ್ಲ ಗ್ರೀಸ್ ಗನ್ ಒತ್ತಬೇಕು. ಹಳೆಯ ಗ್ರೀಸು ಕೆಸರನ್ನು ತಳ್ಳಿಕೊಂಡು ಹೊರಬಂದು, ಹೊಸದು ಇಣುಕುವವರೆಗೆ. ಪೆಟ್ರೋಲ್ ಜೀಪಾದರೆ ಮಂಜಿನ ಬೆಳಗ್ಗೆ ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲಿ ತೇವ ಕೂತು, ಪ್ಲಗ್ಗಿಗೆ ಹೋಗಬೇಕಾದ ಸಾವಿರಾರು ವೋಲ್ಟಿನ ಕಿಡಿ ದಾರಿಯಲ್ಲೇ ಸೋರಿಹೋಗುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಏಳದು. ಒಣಬಟ್ಟೆಯಿಂದ ಮುಚ್ಚಳದ ಒಳ ಹೊರಗೆ ಒರೆಸಿದರೆ ಸಾಕು, ಎಷ್ಟೋ ಸಲ ಮೆಕ್ಯಾನಿಕ್ಕಿಗೆ ಹೇಳಿಕಳಿಸುವ ಕೆಲಸ ತಪ್ಪುತ್ತದೆ. ಚಾಸಿಯ ಮೂಲೆಗಳಲ್ಲಿ ಕೂತ ಕೆಸರನ್ನೂ ಪೈಪು ಬಿಟ್ಟು ತೊಳೆಯಬೇಕು. ಕೆಸರು ತೇವವನ್ನು ಹಿಡಿದಿಟ್ಟುಕೊಂಡಷ್ಟು ದಿನವೂ ಕಬ್ಬಿಣ ತುಕ್ಕಾಗುತ್ತಲೇ ಇರುತ್ತದೆ.

ಇಳಿಜಾರಿನ ಲೆಕ್ಕ

ಜೀಪಿನ ನಿಜವಾದ ಪರೀಕ್ಷೆ ಏರಿನಲ್ಲಲ್ಲ, ಇಳಿಜಾರಿನಲ್ಲಿ. ಏರಲಾಗದ ಜೀಪು ನಿಲ್ಲುತ್ತದೆ. ಇಳಿಯುವಾಗ ನಿಲ್ಲಲಾಗದ ಜೀಪಿನ ಕತೆ ಬೇರೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಜನರೂ ಸೇರಿ 1,800 ಕಿಲೋ ತೂಗುವ ಜೀಪು 300 ಮೀಟರ್ ಎತ್ತರ ಇಳಿಯಿತೆನ್ನಿ. ಅದರಲ್ಲಿದ್ದ ಸ್ಥಾನಶಕ್ತಿ ಸುಮಾರು 53 ಲಕ್ಷ ಜೂಲ್. ಹದಿನಾರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು ಶಾಖ! ಬ್ರೇಕನ್ನೇ ಒತ್ತುತ್ತ ಇಳಿದರೆ ಆ ಶಾಖವೆಲ್ಲ ನಾಲ್ಕು ಬ್ರೇಕುಗಳ ಪಾಲು.

ಅಪಾಯ ಅಡಗಿರುವುದು ಬ್ರೇಕ್ ಆಯಿಲ್‌ನಲ್ಲಿ. ಅದು ಗಾಳಿಯ ತೇವವನ್ನು ಮೆಲ್ಲಗೆ ಹೀರುವ ಗುಣದ ದ್ರವ. ಹೊಸ ‘ಡಾಟ್ 3’ ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ನೀರು ಹೀರಿದ ಆಯಿಲ್‌ಗೆ ಅದೇ ನಿಯಮ ಕೇಳುವುದು 140 ಡಿಗ್ರಿ ಮಾತ್ರ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಚಾಲಕ ಒತ್ತಿದ ಬಲವೆಲ್ಲ ಗುಳ್ಳೆಯನ್ನು ಅಮುಕುವುದಕ್ಕೇ ಮುಗಿದು, ಪೆಡಲ್ ನೆಲಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಬದಲಿಸದ ಒಂದು ಪುಟ್ಟ ಡಬ್ಬಿ ಎಣ್ಣೆಯ ಬೆಲೆ ಎಷ್ಟೆಂದು ಆ ತಿರುವಿನಲ್ಲಿ ಗೊತ್ತಾಗುತ್ತದೆ. ಮಂಜು ಮಳೆಯ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಜಾಣತನ.

ಅನುಭವಿ ಚಾಲಕರು ಅದಕ್ಕೇ ಇಳಿಜಾರಿಗೆ ಮೊದಲೇ ಫೋರ್ ವೀಲ್ ಲೋ ಗೇರಿಗೆ ಹಾಕುತ್ತಾರೆ. ಹಳೆಯ ವಿಲ್ಲೀಸ್ ಸಿಜೆ 3ಬಿ ಜೀಪಿನ ಮೊದಲ ಗೇರು ಸುಮಾರು 2.8, ಲೋ ಗೇರು 2.46, ಹೌಸಿಂಗ್ 5.38. ಈ ಮೂರನ್ನು ಗುಣಿಸಿದರೆ 37. ಚಕ್ರ ಒಂದು ಸುತ್ತು ಬರಬೇಕಾದರೆ ಎಂಜಿನ್ 37 ಸುತ್ತು ತಿರುಗಬೇಕು. ಎಂಜಿನ್ನೇ ಲಗಾಮಾಗಿ ಜೀಪನ್ನು ಹಿಡಿಯುತ್ತದೆ. ಆಗ ಕ್ಲಚ್ ಒತ್ತಬಾರದು, ಒತ್ತಿದರೆ ಲಗಾಮು ಬಿಟ್ಟಂತೆ. ಒಣ ಡಾಂಬರು ರಸ್ತೆಗೆ ಬಂದ ಮೇಲೆ ಫೋರ್ ವೀಲ್ ತೆಗೆಯಲೂ ಮರೆಯಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಗೇರು, ಶಾಫ್ಟುಗಳು ತಿರುಚಿಕೊಂಡು ನರಳುತ್ತವೆ.

ಕೈ ಹಾಕಬಾರದ ಕಡೆ

ಮನೆಯಲ್ಲಿ ರಿಪೇರಿ ಎಂದರೆ ಎಲ್ಲವನ್ನೂ ಬಿಚ್ಚುವುದಲ್ಲ. ಪೋಷಕರು ಮಕ್ಕಳನ್ನು ಜತೆಗೆ ಕೂರಿಸಿಕೊಳ್ಳುವಾಗ ಕೆಲವು ಕಟ್ಟುನಿಟ್ಟು ಬೇಕೇ ಬೇಕು. ಜಾಕಿನ ಮೇಲೆ ನಿಂತ ಜೀಪಿನ ಕೆಳಗೆ ಯಾರೂ ನುಸುಳಬಾರದು. ಸಮತಟ್ಟು ನೆಲ, ಚಕ್ರಗಳಿಗೆ ಅಡ್ಡಗಲ್ಲು, ಚಾಸಿಯ ಕೆಳಗೆ ಗಟ್ಟಿಯಾದ ಸ್ಟ್ಯಾಂಡು ಇದ್ದ ಮೇಲೆಯೇ ಕೆಲಸ. ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ, ಹತ್ತಿರ ಬೀಡಿ ಬೆಂಕಿ ಕೂಡದು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಡ್ರಮ್ಮಿನ ಧೂಳನ್ನು ಊದಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ, ಆದ್ದರಿಂದ ಒದ್ದೆಬಟ್ಟೆಯಲ್ಲಿ ಒರೆಸಬೇಕು. ಬ್ರೇಕಿನ ಆಯಿಲ್ ಮಟ್ಟ ನೋಡುವುದು, ಸೋರಿಕೆ ಹುಡುಕುವುದು ಮನೆಯವರ ಕೆಲಸ. ಸಿಲಿಂಡರು, ಪೈಪು ಬಿಚ್ಚುವುದು ಬಲ್ಲ ಮೆಕ್ಯಾನಿಕ್ಕಿನದು.

ಇಳಿಸಿದ ಹಳೆಯ ಎಣ್ಣೆಯ ಗತಿಯೇನು? ಚರಂಡಿಗೆ ಚೆಲ್ಲಿದರೆ ಅದು ತೋಡಿಗೆ, ತೋಡಿನಿಂದ ಹೊಳೆಗೆ. ಕೊಡಗಿನ ಬಹುಪಾಲು ಹೊಳೆಗಳ ದಾರಿ ಕಾವೇರಿಯ ಕಡೆಗೆ. ತಲಕಾವೇರಿಯಲ್ಲಿ ಕೈಮುಗಿದು ಬಂದವರು ಮನೆಯ ಹಿತ್ತಲಲ್ಲಿ ಎಣ್ಣೆ ಸುರಿದರೆ ಆ ಪೂಜೆಗೆ ಅರ್ಥವಿಲ್ಲ. ಡಬ್ಬಿಯಲ್ಲಿ ಮುಚ್ಚಿಟ್ಟು, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡುವುದು ಸರಿಯಾದ ಮಾರ್ಗ.

ಬೆಟ್ಟಕ್ಕೂ ಒಂದು ಮಿತಿ ಇದೆ. ದಾರಿ ಬಿಟ್ಟು ಹುಲ್ಲಿನ ಮೇಲೆ ಹರಿದ ಚಕ್ರದ ಗುರುತು ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಮಣ್ಣು ಕೊಚ್ಚಿಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳು ಕುಸಿದಾಗ ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಹಲವೆಡೆ ಕಡಿದುಹೋಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ದಾರಿಯೇ ಇಲ್ಲವಾದ ಕಡೆ ನಾಲ್ಕು ಚಕ್ರದ ಬಲವೂ ಕೆಲಸಕ್ಕೆ ಬಾರದು. ಜೀಪು ಎಲ್ಲಿಗೂ ಹೋಗುತ್ತದೆಂಬ ಹೆಮ್ಮೆಯ ಮಾತನ್ನು ಕೊಡಗಿನವರು ಈಗ ಮೊದಲಿನಂತೆ ಹೇಳಲಾರರು.

ಹಾಗಿದ್ದೂ ಮುದಿ ಜೀಪು ಕೊಟ್ಟಿಗೆಯಲ್ಲಿ ಉಳಿದಿದೆ. ಅದು ಹೊಸ ವಾಹನಗಳಿಗಿಂತ ಗಟ್ಟಿ ಎಂಬ ಕಾರಣಕ್ಕಲ್ಲ. ಬಾನೆಟ್ ಎತ್ತಿದರೆ ಯಾವುದು ಯಾವುದನ್ನು ತಿರುಗಿಸುತ್ತದೆಂದು ಕಣ್ಣಿಗೆ ಕಾಣುತ್ತದೆ. ಬಗ್ಗಿ ನೋಡಿದವರಿಗೆ ಕಾರಣ ತಿಳಿಯುತ್ತದೆ, ಕಾರಣ ತಿಳಿದವರು ಮಿತಿಯನ್ನೂ ತಿಳಿಯುತ್ತಾರೆ.

ಸೈನ್ಯದಲ್ಲಿ ಬೆಳಗಿನ ವಾಹನ ತಪಾಸಣೆಗೆ ‘ಫಸ್ಟ್ ಪರೇಡ್’ ಎನ್ನುವುದುಂಟು. ನೀರು, ಆಯಿಲ್, ಟೈರು, ಬ್ರೇಕು, ಲೈಟು, ಎಲ್ಲ ನೋಡಿಯೇ ಗಾಲಿ ಉರುಳಬೇಕು. ಆ ಮನೆಯಂಗಳದಲ್ಲಿ ಸೋಮವಾರ ಬೆಳಗ್ಗೆ ತಂದೆ ಕೀಲಿಕೈ ತರುವಷ್ಟರಲ್ಲಿ, ಬೆನ್ನಿಗೆ ಬ್ಯಾಗು ಹಾಕಿಕೊಂಡ ಮಗಳು ಜೀಪಿನ ಕೆಳಗೆ ಹಾಸಿದ್ದ ಹಳೆಯ ರಟ್ಟನ್ನು ಬಗ್ಗಿ ನೋಡುತ್ತಾಳೆ. ರಾತ್ರಿ ಯಾವ ಎಣ್ಣೆಯೂ ತೊಟ್ಟಿಕ್ಕಿಲ್ಲ. ಒಳಗೆ ಕುಳಿತು ಬ್ರೇಕ್ ಪೆಡಲನ್ನು ಕೈಯಿಂದ ಒತ್ತುತ್ತಾಳೆ. ಗಟ್ಟಿಯಾಗಿದೆ.

“ಹೋಗೋಣ ಅಪ್ಪಾ.”